ಒಂದೇ ಒರತೆ, ಎರಡು ಚೆಶ್ಮಾ

ಬೆಳಕು ಹರಿಯುತ್ತಿದೆ. ಬೊರೊವ್ ದೊಲ್ ಬೆಟ್ಟದ ಒರತೆಯ ಬಳಿ ಮಂಡಿಯೂರಿದ ವಲ್ಕೊ ಪೈನ್ ಎಲೆ, ಕೆಸರನ್ನು ಬರಿಗೈಯಲ್ಲಿ ಬಾಚಿ ಆಚೆ ಹಾಕುತ್ತಿದ್ದಾರೆ. ಎಪ್ಪತ್ತು ದಾಟಿದ ಈ ಕಲ್ಲುಕುಟಿಗರಿಗೆ ಊರಿನ ಚೆಶ್ಮಾಗಳನ್ನು ನೋಡಿಕೊಳ್ಳಿ ಎಂದು ಯಾರೂ ಹೇಳಿಲ್ಲ.

ದಾರಿಹೋಕರಿಗಾಗಿ ಕಲ್ಲಲ್ಲಿ ಕಟ್ಟಿ, ಕೊಳವೆಯಿಂದ ಸದಾ ನೀರು ಹರಿಯಬಿಟ್ಟದ್ದು ಚೆಶ್ಮಾ. ಬಲ್ಗೇರಿಯದಲ್ಲಿ ಮನೆಯ ನಲ್ಲಿಗೂ ಅದೇ ಹೆಸರು. ತುರ್ಕರ ಬಾಯಿಂದ ಬಂದ ಮಾತು, ತವರು ಪರ್ಷಿಯನ್. ಅಲ್ಲಿ 'ಚಶ್ಮ್' ಎಂದರೆ ಕಣ್ಣು, ಅದರಿಂದಲೇ ಚಿಲುಮೆಗೂ ಹೆಸರಾಯಿತು. ನಮ್ಮ ಮೂಗಿನ ಮೇಲಿನ ಚಷ್ಮಾ ಇದರ ದಾಯಾದಿ. ಬಾವಿ ತೋಡುವವರು ಜಲದ ಕಣ್ಣು ಎನ್ನುವುದನ್ನು ಕೇಳಿದವರಿಗೆ ಈ ನಂಟು ವಿಚಿತ್ರವೆನಿಸದು. ಬೆಟ್ಟದ ಜನರ ಬಾಯಲ್ಲಿ ಈ ಮಾತಿಗೆ ಇನ್ನೊಂದು ಭಾರವಿದೆ. ಇಲ್ಲಿ ಸತ್ತವರ ಹೆಸರಲ್ಲಿ ಚೆಶ್ಮಾ ಕಟ್ಟಿಸುತ್ತಾರೆ. ಕುಡಿದವರು ಕಲ್ಲಿನ ಮೇಲಿನ ಹೆಸರು ಓದಿ, "ದೇವರು ಕ್ಷಮಿಸಲಿ" ಎನ್ನಬೇಕು. ನೀರು ನಿಂತರೆ ಆ ಮಾತೂ ನಿಂತಂತೆ.

ವಲ್ಕೊ ಅವರ ಮಗಳು ಎಲಿತ್ಸಾ ಹತ್ತೊಂಬತ್ತರಲ್ಲಿ ಜ್ವರ ಬಂದು ತೀರಿಕೊಂಡಳು. ಮೇಲಿನ ತಿರುವಿನ ಚೆಶ್ಮಾ ಅವಳದು. ಕಲ್ಲು ಕೆತ್ತಿದ್ದು ಅಪ್ಪನೇ. ಕೆಳಗೆ ಬಸ್ ನಿಲ್ಲುವಲ್ಲಿರುವುದು ಎಂಬತ್ತರ ಸ್ಟೊಯ್ನಾ ತಮ್ಮ ಗಂಡ ಮಿಂಚೊ ಹೆಸರಲ್ಲಿ ಕಟ್ಟಿಸಿದ್ದು. ಎರಡಕ್ಕೂ ಒಂದೇ ಒರತೆ. ಕಾಡು ಕಡಿದ ಮೇಲೆ ಅದು ಸೊರಗುತ್ತ ಬಂದು, ಈ ಬೇಸಿಗೆಯಲ್ಲಿ ಒಂದು ಕೊಳವೆಗಷ್ಟೇ ಸಾಲುವಂತಾಯಿತು. ವಲ್ಕೊ ಬೆಣೆಗೆ ಬಟ್ಟೆ ಸುತ್ತಿ ಮಗಳ ಕೊಳವೆಗೆ ಬಡಿದು ಮುಚ್ಚಿದರು.

ಸ್ಟೊಯ್ನಾ ಬೈದರು. "ತಲೆ ಕೆಟ್ಟಿದೆಯೇನೋ ನಿಂಗೆ? ನನ್ ಮಿಂಚೊ ಬದುಕಿದ್ದಾಗ ರಾಕಿಯಾ ಸಾರಾಯಿ ಬಾಟ್ಲಿ ಬಿಟ್ಟು ಬೇರೇನೂ ಮುಟ್ದೋನಲ್ಲ. ಈಗ ಅವನಿಗ್ಯಾಕೆ ನೀರು? ಮಗಳಿಗೆ ಬಿಡು."

"ಮೇಲಿನ ದಾರೀಲಿ ಯಾರು ಬರ್ತಾರಕ್ಕಾ? ಕುರಿನೂ ಹೋಗಲ್ಲ ಈಗ. ಬಸ್ಸಿನೋರು ಬಾಯಾರಿ ಇಳೀತಾರೆ. ನಾನೊಬ್ಬ ಕೇಳಿಸ್ಕೊಳ್ಳೋಕೆ ನೀರು ಹರಿಸ್ಲಾ?"

ಬೆಣೆ ಬಡಿದ ಸಂಜೆಯ ಮಾತನ್ನು ವಲ್ಕೊ ತಡೆದು ತಡೆದು ಹೇಳುತ್ತಾರೆ: "ಮನೇಲಿ ಕೈ ತೊಳೆಯೋಕೆ ನಲ್ಲಿ ತಿರುಗಿಸ್ದೆ. ಆ ಸದ್ದು ಕೇಳೋಕಾಗ್ಲಿಲ್ಲ. ನಿಲ್ಲಿಸ್ಬಿಟ್ಟೆ."

ವಲ್ಕೊ ಒರತೆಯಿಂದ ಕೆಳಗಿಳಿಯುವ ಹೊತ್ತಿಗೆ ಬೆಳಗಿನ ಬಸ್ಸು ಬರುತ್ತದೆ. ಚಾಲಕ ಬೊಗಸೆಯಲ್ಲಿ ಕುಡಿದು, "ಮಿಂಚೊನ ದೇವರು ಕ್ಷಮಿಸಲಿ" ಎಂದು ಹೊರಡುತ್ತಾನೆ. ಚೆಶ್ಮಾ ಪಕ್ಕದ ಬೆಂಚಿನಲ್ಲಿ ಕೂತ ಸ್ಟೊಯ್ನಾ ಅವನ ತೋಳು ಹಿಡಿಯುತ್ತಾರೆ.

"ಎಲ್ಲಿಗೋ ಓಡ್ತೀಯ? ಇನ್ನೊಂದು ಹೆಸರಿದೆ. ಎಲಿತ್ಸಾ. ಅದನ್ನೂ ಹೇಳಿ ಬಸ್ ಹತ್ತು."

ಅವನು ಹೇಳುತ್ತಾನೆ. ವಲ್ಕೊ ಬೇರೆಡೆ ನೋಡುತ್ತಾರೆ. ಆ ಹೆಸರನ್ನೂ ಇದೇ ಕಲ್ಲಲ್ಲಿ ಕೆತ್ತಬಾರದೇ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾರೆ. "ಇದು ಮಿಂಚೊ ಕಲ್ಲು."

ಮತ್ತೆ ಮೇಲಿನ ತಿರುವಿಗೆ ಹತ್ತಿ, ಒಣಗಿದ ತೊಟ್ಟಿಯನ್ನು ಪೊರಕೆಯಿಂದ ಗುಡಿಸುತ್ತಾರೆ.

"ಚಳಿಗಾಲದಲ್ಲಿ ಹಿಮ ಚೆನ್ನಾಗಿ ಬಿದ್ದು ಒರತೆ ತುಂಬಿದ್ರೆ ಬೆಣೆ ತೆಗೀಬಹುದು. ನೀರು ಬಂದ ದಿನ ತೊಟ್ಟಿ ಕೊಳಕಾಗಿರಬಾರದಲ್ಲ."