ಗ್ಯಾರೇಜಿನಲ್ಲೊಂದು ಜೋಗುಳ

ಅಮ್ಮನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ನಾನು ಏಳು ತಿಂಗಳ ಬಸುರಿ. ಗಂಟಲಲ್ಲಿ ಗಡ್ಡೆ. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ನನ್ನ ಹೆರಿಗೆಯವರೆಗೆ ಕಾಯುವ ಹಾಗೂ ಇಲ್ಲ. ಅಪ್ಪ ಹೋದ ಮೇಲೆ ಅಮ್ಮ ಮೈಸೂರು ಬಿಟ್ಟು ನ್ಯೂಜಿಲೆಂಡಿನ ಅಪ್ಪರ್ ಹಟ್ ಊರಿನಲ್ಲಿ ನಮ್ಮ ಜೊತೆಗೇ ನೆಲೆಸಿದ್ದಳು. ಗಂಟಲು ಕಟ್ಟಿದೆ ಅಷ್ಟೇ ಎಂದು ತಿಂಗಳುಗಟ್ಟಲೆ ಕಷಾಯ ಕುಡಿದುಕೊಂಡು ಸುಮ್ಮನಿದ್ದಳು. ಅದಕ್ಕೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮೈಸೂರಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ನಾಮಕರಣವಾದರೂ ತೊಟ್ಟಿಲು ತೂಗಿ ಜೋಗುಳ ಹಾಡಲು ಅಮ್ಮನೇ ಬೇಕಿತ್ತು. ಆಗಷ್ಟೇ ಇಟ್ಟ ಹೆಸರನ್ನು ಪ್ರತಿ ಸಾಲಿನ ಕೊನೆಗೆ ಸೇರಿಸಿ, ಅಲ್ಲೇ ಪದ ಕಟ್ಟಿ ಹಾಡುತ್ತಿದ್ದಳು. ನನಗೋ ಹಾಡು ಸುತರಾಂ ಬಾರದು. ಆರತಿಯ ಹೊತ್ತಿಗೆ ಅಡುಗೆಮನೆ ಸೇರಿಕೊಳ್ಳುವವಳು ನಾನು. ಊರವರ ಮಕ್ಕಳಿಗೆಲ್ಲ ಸಿಕ್ಕ ದನಿ ನನ್ನ ಮಗುವಿಗೆ ಮಾತ್ರ ಇಲ್ಲ ಎಂದರೆ ಒಪ್ಪುವುದು ಹೇಗೆ? ರೆಕಾರ್ಡ್ ಮಾಡಿಸಿಯೇ ಬಿಡುವುದೆಂದು ಪಕ್ಕದ ಮನೆಯ ಬಾಗಿಲು ತಟ್ಟಿದೆ.

ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಯಜಮಾನರು ಐರ್ಲೆಂಡಿನವರು, ಎಪ್ಪತ್ತು ದಾಟಿದವರು. ಅವರ ಕಥೆಯನ್ನು ಬೇಲಿಯ ಮೇಲಿಂದ ಕಂತುಕಂತಾಗಿ ಕೇಳಿದ್ದೆ. ಶಾಲೆ ಬಿಟ್ಟು ಡಾನ್ಸ್ ಹಾಲುಗಳಲ್ಲಿ ಗಿಟಾರು ಬಾರಿಸಲು ಹೋದವರು. ಆಮೇಲೆ ಲಂಡನ್ನಿನಲ್ಲಿ ಸ್ವಂತ ರಾಕ್ ಬ್ಯಾಂಡು. ಒಂದು ಬೇಸಿಗೆಯಿಡೀ ರೇಡಿಯೋದಲ್ಲಿ ಇವರದೇ ಹಾಡಂತೆ. ಬ್ಯಾಂಡಿನವರು ಕಿತ್ತಾಡಿಕೊಂಡು ಚದುರಿದ ಮೇಲೆ ಸ್ಟುಡಿಯೋದಲ್ಲಿ ಹಾಡುವವರ ಎದುರಿನ ಗಾಜಿನ ಆಚೆ ಬದಿಗೆ ಹೋಗಿ ಕೂತು, ಬೇರೆಯವರಿಂದ ಹಾಡಿಸಿ ತಿದ್ದಿ ರೆಕಾರ್ಡು ಮಾಡುವ ಪ್ರೊಡ್ಯೂಸರ್ ಆದರು. ಹೆಸರು ಬಂತು, ಕುಡಿತವೂ ಬಂತು. ಕೊನೆಗೆ ನ್ಯೂಜಿಲೆಂಡಿನ ಹೆಂಡತಿಯ ಹಿಂದೆ ಇಲ್ಲಿಗೆ ಬಂದರು. ಅವಳೂ ಬಿಟ್ಟು ಹೋದ ಮೇಲೆ ಕುಡಿತ ಬಿಟ್ಟು ಸ್ಕೂಲ್ ಬಸ್ ಓಡಿಸಿದರು, ಹಳೆ ಗಿಟಾರು ರಿಪೇರಿ ಮಾಡಿದರು. ಈಗ ಹೊರಗಿನ ಸದ್ದು ತಡೆಯಲು ಗ್ಯಾರೇಜಿನ ಗೋಡೆಗೆಲ್ಲ ಕಂಬಳಿ ನೇತುಹಾಕಿ, ಚರ್ಚಿನ ಅಜ್ಜಿಯರನ್ನೂ ಹೈಸ್ಕೂಲು ಹುಡುಗಿಯರ ಗದ್ದಲದ ಬ್ಯಾಂಡುಗಳನ್ನೂ ರೆಕಾರ್ಡ್ ಮಾಡುತ್ತಿದ್ದರು.

ಇದನ್ನೆಲ್ಲ ಹೇಳಿದಾಗ ಅಮ್ಮ ಹೆಣ್ಣಿನ ಕಡೆಯವಳ ಹಾಗೆ ಕೇಳಿದ್ದಳು: "ಅಂದ್ರೆ ಪರ್ಮನೆಂಟ್ ಕೆಲಸ ಅಂತ ಒಂದೂ ಇಲ್ವಾ ಪಾಪ?"

ಗ್ಯಾರೇಜಿನಲ್ಲಿ ಅಮ್ಮ ಮೈಕಿನ ಮುಂದೆ ಸೆರಗು ಹೊದ್ದು ಕೂತಳು. ನಡುನಡುವೆ ಕೆಮ್ಮುತ್ತ, ಬಿಸಿನೀರು ಕುಡಿಯುತ್ತ ಆರತಿ ಹಾಡು, ಹಸೆಗೆ ಕರೆಯುವ ಹಾಡು ಎಲ್ಲ ಹಾಡಿದಳು. ದನಿ ಆಗಲೇ ಒರಟಾಗಿತ್ತು. "ಸರಿ, ಈಗ ಜೋಗುಳ" ಎಂದೆ. ಅವಳು ತುಟಿ ಬಿಗಿದಳು.

"ಮಗು ಹುಟ್ಟೋ ಮುಂಚೆ ತೊಟ್ಟಿಲೇ ತರಲ್ಲ, ಇನ್ನು ಜೋಗುಳ ಹಾಡ್ತಾರೇನೇ? ಖಾಲಿ ತೊಟ್ಟಿಲು ತೂಗಿದ ಹಾಗೆ. ನಾನು ಹಾಡಲ್ಲ."

"ಹುಟ್ಟಿದ್ಮೇಲೆ ನೀನು ಹೇಗಮ್ಮ ಹಾಡ್ತೀಯ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಮ್ಮ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಹಿಂದಿನ ಸಲ ಸೇಲ್‌ನಲ್ಲಿ ಸಿಕ್ಕಿತೆಂದು ಮುಂಚೆಯೇ ತೊಟ್ಟಿಲು ತಂದಿಟ್ಟಿದ್ದೆವು. ಆ ಮಗು ಉಳಿಯಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ಬಾಯಿ ಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ರೆಕಾರ್ಡ್ ಮಾಡುತ್ತಿದ್ದ ಪಕ್ಕದ ಮನೆಯವರು ಏನಾಯಿತೆಂದು ಕೇಳಿದರು. ಹೇಳಿದೆ. ನಗುತ್ತಾರೇನೋ ಎಂದುಕೊಂಡೆ, ನಗಲಿಲ್ಲ. "ಗಾಜಿನ ಈಚೆ ಹಾಡುವವರು ಹೆದರಿ ನಿಂತಾಗ ಆಚೆ ಕೂತವರು ನಗುವುದನ್ನು ಎರಡೂ ಬದಿಯಿಂದ ನೋಡಿದ್ದೇನೆ, ಅದಕ್ಕೇ ಇಲ್ಲಿ ಗಾಜು ಇಟ್ಟಿಲ್ಲ" ಎಂದರು. ಆಮೇಲೆ ಕೇಳಿದರು: "ತೊಟ್ಟಿಲು ಖಾಲಿ ಇರದ ಹಾಗೆ, ಆಗಲೇ ಹುಟ್ಟಿರುವವರು ಯಾರಾದರೂ ಅದರಲ್ಲಿದ್ದರೆ ಸಾಕು ತಾನೇ? ನಾನು ಹುಟ್ಟಿದ್ದೇನೆ."

ಇದೆಂಥ ಹುಡುಗಾಟ ಎಂದು ನನಗೆ ರೇಗಿತು. ಆದರೂ ಅಮ್ಮನಿಗೆ ಹೇಳಿದೆ.

ಅಮ್ಮ ಅವರನ್ನು ದಿಟ್ಟಿಸಿ ನೋಡಿದಳು. "ಅವರಮ್ಮ ಇವರಿಗೆ ಹಾಡ್ತಿದ್ರಾ, ಕೇಳು."

ಹಾಡಿರಬಹುದು, ನೆನಪಿಲ್ಲ ಎಂದರು ಅವರು. "ನಮ್ಮಮ್ಮ ತೀರಿಕೊಂಡಾಗ ನಾನು ಬ್ಯಾಂಡಿನ ಜೊತೆ ಜರ್ಮನಿಯಲ್ಲಿದ್ದೆ. ಯಾರು ಯಾರದೋ ದನಿ ಹಿಡಿದಿಟ್ಟೆ, ಅವಳದು ಒಂದು ಮಾತೂ ನನ್ನ ಹತ್ತಿರ ಇಲ್ಲ."

"ಕೂತ್ಕೊಳಪ್ಪ" ಎಂದಳು ಅಮ್ಮ, ಕನ್ನಡದಲ್ಲೇ. ಮೂಲೆಯಲ್ಲಿದ್ದ ತೂಗುಕುರ್ಚಿಯಲ್ಲಿ ಅವರು ಕೂತು ಕಣ್ಣು ಮುಚ್ಚಿದರು. ಅಮ್ಮ ಅದರ ಕೈ ಹಿಡಿದು ಮೆಲ್ಲಗೆ ತೂಗುತ್ತ ಹಾಡಿದಳು. ಬೋಳು ತಲೆಯವರಿಗೆ ಗುಂಗುರು ಕೂದಲು ಬರಲಿ ಎಂದಳು, ಹಲ್ಲುಸೆಟ್ಟಿನವರಿಗೆ ಮಲ್ಲಿಗೆ ಮೊಗ್ಗಿನ ಹಲ್ಲು ಮೂಡಲಿ ಎಂದಳು. ಪ್ರತಿ ಸಾಲಿನ ಕೊನೆಗೂ ಅವರ ಹೆಸರನ್ನೇ ಇಟ್ಟಳು. ಕುರ್ಚಿ ಕಿರ್ರೆನ್ನುತ್ತಿತ್ತು. ಸೂಜಿ ಬಿದ್ದರೂ ಮತ್ತೆ ಮೊದಲಿನಿಂದ ಹಾಡಿಸುವ ಪ್ರೊಡ್ಯೂಸರ್ ಅಂದು ನಿಲ್ಲಿಸಿ ಎನ್ನಲಿಲ್ಲ, ಕಣ್ಣೂ ಒರೆಸಿಕೊಳ್ಳಲಿಲ್ಲ.

ಅದೇ ವಾರ ಅಮ್ಮನ ಆಪರೇಷನ್ ಆಯಿತು. ಈಗ ಅವಳು ಕುತ್ತಿಗೆಯಲ್ಲಿನ ತೂತಿನಿಂದ ಉಸಿರಾಡುತ್ತಾಳೆ. ಮಗಳು ಹುಟ್ಟಿದಳು, ಗಟ್ಟಿಯಾಗಿದ್ದಳು. ಆಮೇಲೆಯೇ ತೊಟ್ಟಿಲು ತಂದೆವು.

ನಾಮಕರಣದ ದಿನ ಹಾಲ್ ತುಂಬ ಜನ. ಪಕ್ಕದ ಮನೆಯವರು ತಮ್ಮ ಸ್ಪೀಕರನ್ನೇ ಹೊತ್ತು ತಂದು ಕಿಟಕಿಯ ಬಳಿ ಇಟ್ಟರು. ಅಮ್ಮ ತೊಟ್ಟಿಲ ಮುಂದೆ ನಿಂತಳು, ಹಾಡು ಶುರುವಾಯಿತು. ಮೊದಲ ಸಾಲಿನ ಕೊನೆಗೆ ಆ ಐರಿಷ್ ಹೆಸರು ಬಂದದ್ದೇ ಆಂಟಿಯರು ಮುಖ ಮುಖ ನೋಡಿಕೊಂಡು ಕಿಸಕ್ಕನೆ ನಕ್ಕರು. ಪಕ್ಕದ ಮನೆಯವರು ನಾಚಿ ಬಾಗಿಲ ಕಡೆ ಸರಿದರು. ನನಗೆ ಹಾಡು ನಿಲ್ಲಿಸಿಬಿಡೋಣ ಅನ್ನಿಸಿತು.

ಆಗ ಅಮ್ಮನ ಮುಖ ನೋಡಿದೆ. ಸ್ಪೀಕರಿನಲ್ಲಿ ಅವರ ಹೆಸರು ಬಂದಾಗಲೆಲ್ಲ ಅಮ್ಮನ ತುಟಿ ನನ್ನ ಮಗಳ ಹೆಸರು ಹೇಳುತ್ತಿತ್ತು. ಸದ್ದಿಲ್ಲ, ಬರೀ ತುಟಿ. ಮುಂದಿನ ಸಾಲಿನ ಕೊನೆಗೆ ನಾನು ಮಗಳ ಹೆಸರನ್ನು ಗಟ್ಟಿಯಾಗಿ ಹಾಡಿದೆ. ಶ್ರುತಿ ಎಲ್ಲೋ ಹೋಯಿತು. ಅಮ್ಮ ನನ್ನ ಕೈ ಎಳೆದು ತೊಟ್ಟಿಲ ಮೇಲೆ, ತನ್ನ ಕೈಯ ಪಕ್ಕ ಇಟ್ಟುಕೊಂಡಳು.