ಬ್ಯಾಟರಿಯ ಮೇಲಿನ ಮೂರು ಬೆರಳು

ಟಕ್. ಅಷ್ಟೇ. ಮೊಮ್ಮಗಳು ಶ್ರೇಯಾ ಬೆಳಿಗ್ಗೆ ಕಾರಿನ ಕೀಲಿ ತಿರುಗಿಸಿದಾಗ ಬಂದದ್ದು ಅದೊಂದೇ ಸದ್ದು, ಒಣಗಿದ ತೊಗರಿಕಾಯಿ ಸಿಡಿದಂತೆ. ದೀಪ ಹತ್ತಿತು, ಹಾರ್ನ್ ಕೂಗಿತು, ಎಂಜಿನ್ ಮಾತ್ರ ಮಿಸುಕಲಿಲ್ಲ. "ನಿನ್ನಿ ಉಮರ್ಗಾಕ್ಕ ಹೋಗಿ ಬಂದೀನಿ, ಛಲೋ ಇತ್ತು. ಇವತ್ತ ಏನ್ ಧಾಡಿ ಬಂತ ಇದಕ್ಕ?" ಎಂದು ಸ್ಟೀರಿಂಗಿಗೆ ಗುದ್ದಿದಳು. ನಾನು ನಿಲಂಗಾದ ನಮ್ಮ ಮನೆಯ ಕಟ್ಟೆಯ ಮೇಲೆ ಬೇಳೆ ಆರಿಸುತ್ತ ಕೂತಿದ್ದೆ. "ಬಾನೆಟ್ ತೆಗಿ, ಬ್ಯಾಟರಿ ನೋಡು," ಎಂದೆ. "ಫೋನಿನ್ಯಾಗ ಟೈಪ್ ಮಾಡೋದು ಕಲ್ತು ಎಂಟ ದಿನ ಆಗಿಲ್ಲ, ಆಗಲೇ ಮಿಸ್ತ್ರಿ ಆದಿ ನೋಡಜ್ಜಿ!" ಎಂದು ನಕ್ಕಳು. ನಗಲಿ. ಒಂದೇ ಬೆರಳಿನಿಂದ ಒತ್ತುತ್ತೇನೆಂದು ಮನೆಯವರೆಲ್ಲ ನಗುತ್ತಾರೆ. ಬಾನೆಟ್ ತೆಗೆದಳು. ಬ್ಯಾಟರಿಗೆ ತಂತಿ ಬಿಗಿದ ಎರಡೂ ಕಡೆ ಬಿಳಿ ಪುಡಿ ಕಟ್ಟಿತ್ತು. ಥೇಟ್ ವಿಭೂತಿ. ನನ್ನ ಕೈಯ ಮೊರ ವಾಲಿ ಬೇಳೆಯೆಲ್ಲ ಅಂಗಳಕ್ಕೆ ಚೆಲ್ಲಿತು.

ನಾನು ಬೆಳೆದ ಮನೆ ಹಳೆಯ ಸಾಸ್ತೂರಿನಲ್ಲಿತ್ತು. ಅದರ ಕಲ್ಲುಮಣ್ಣಿನ ಗೋಡೆಗಳು ಎಷ್ಟು ದಪ್ಪವೆಂದರೆ, ಕಿಟಕಿಯ ಗೂಡಿನಲ್ಲಿ ನಾನು ಕಾಲು ಮಡಚಿ ಮಲಗುತ್ತಿದ್ದೆ. ಬೇಸಿಗೆಯಲ್ಲೂ ಆ ಗೋಡೆಗೆ ಕೆನ್ನೆ ಹಚ್ಚಿದರೆ ಮಣ್ಣಿನ ಕೊಡಕ್ಕೆ ಹಚ್ಚಿದ ಹಾಗೆ ತಣ್ಣಗೆ. ಒಳಗೆ ಕುಸುಬಿ ಎಣ್ಣೆಯ ಒಗ್ಗರಣೆಯ ಘಾಟು, ದೇವರ ಮನೆಯಿಂದ ಬಿಲ್ವಪತ್ರಿಯ ವಾಸನೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಕಾಕಿ, ನನ್ನ ಅಪ್ಪನ ತಮ್ಮನ ಹೆಂಡತಿ. ಅವಳ ತವರು ದೂರದ ವಲಾಂಡಿ. ನನ್ನ ತಲೆ ಬಾಚುವಾಗಲೆಲ್ಲ ಆ ಊರಿನ ಸುದ್ದಿಯೇ, ತನ್ನ ಅವ್ವನ ಸುದ್ದಿಯೇ. ಹಬ್ಬಕ್ಕೆ ಹೋಗಿ ಬಂದ ಮೇಲೆ ಎರಡು ದಿನ ಅವಳ ಸೀರೆಗೆ ಬೇರೆ ಮನೆಯ ಹೊಗೆಯ ವಾಸನೆ ಇರುತ್ತಿತ್ತು. ನಾನು ಅದನ್ನು ಮೂಸಿ ಸಿಟ್ಟು ಮಾಡುತ್ತಿದ್ದೆ.

ಒಂದು ಸುಗ್ಗಿಗೆ ಕಾಕಾ ಉದಗೀರದಿಂದ ಹಳೆಯ ಕರಿ ಕಾರೊಂದನ್ನು ತಂದ. ನಮ್ಮಲ್ಲಿ ಪ್ರತಿ ಸೋಮವಾರ ನೇಗಿಲಿಗೆ, ಕುಡುಗೋಲಿಗೆ, ಬಾವಿಯ ಎಂಜಿನ್ನಿಗೆ, ಎಲ್ಲಕ್ಕೂ ವಿಭೂತಿ ಹಚ್ಚುವ ಪದ್ಧತಿ. ಕಾರಿನ ಪಾಳಿಯನ್ನು ನನ್ನ ಅಜ್ಜಿ, ಕಾಕಾನ ಅವ್ವ, ನನಗೆ ಕೊಟ್ಟಳು. "ಹಣಿಗೆ ಹಚ್ಚವ್ವಾ ಕಮಳಿ. ಜೀವ ಇದ್ದಲ್ಲಿ ಹಚ್ಚಬೇಕು," ಎಂದಳು. ಕಾರಿನ ಜೀವ ಎಲ್ಲಿ ಎಂದು ನಾನು ಕಾಕಾನನ್ನು ಕೇಳಿದೆ. ಅವನು ಬೀಡಿ ಬಾಯಿಂದ ತೆಗೆಯದೆ, "ಬ್ಯಾಟರಿಯಾಗ," ಎಂದ. ಇನ್ನೇನು ಬೇಕು? ಯಾರೂ ಇಲ್ಲದಾಗ ಬಾನೆಟ್ ಎತ್ತಿ, ಕಟ್ಟಿಗೆಯ ಆಸರೆ ಕೊಟ್ಟು, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಂದ ಬ್ಯಾಟರಿಗೆ ಎಳೆದೆ. ತಂತಿ ಬಿಗಿದ ಎರಡು ತಲೆಗಳಿಗೆ ಸಂದು ಬಿಡದೆ ಮೆತ್ತಿದೆ. ದೇವರಿಗೆ ಮೋಸವಾಗಬಾರದಲ್ಲ.

ಅಂದಿನಿಂದ ಕಾರಿಗೆ ಹಟ ಬಂತು. ಒಮ್ಮೆ ಚಾಲೂ ಆಗುವುದು, ಒಮ್ಮೆ ಟಕ್ ಎಂದು ಸುಮ್ಮನಾಗುವುದು. ನಾಲ್ಕಾರು ಸಲ ತಿರುಗಿಸಿ ಹೇಗೋ ಉಮರ್ಗಾಕ್ಕೆ ಒಯ್ದರೆ ಅಲ್ಲಿಯ ಮಿಸ್ತ್ರಿ ಬಿಸಿನೀರು ಸುರಿದು ತೊಳೆದು ಕಳಿಸುತ್ತಿದ್ದ. "ಬ್ಯಾಟರಿಗೆ ಉಪ್ಪ ಕಟ್ಟ್ಯಾದ ಮಾಲಕ್. ನೀವು ಮಾತ್ರ ಕೈ ಹಚ್ಚಬ್ಯಾಡ್ರಿ, ತೇಜಾಬ್ ಅದ, ಆಸಿಡ್ಡು, ಚರ್ಮ ಸುಡ್ತದ. ಖರೆ ಹೇಳ್ಲಾ? ನನ್ನ ಮುಂದ ಈ ಗಾಡಿ ಭಾಳ ಶಾಣ್ಯಾ, ನಿಮ್ಮ ಮನ್ಯಾಗ ಹುಚ್ಚಾ." ಕಾಕಾ ಅಂದಿನಿಂದ ಬ್ಯಾಟರಿಯ ಹತ್ತಿರ ಸುಳಿಯಲಿಲ್ಲ, ಬಿಳಿ ಕಂಡರೆ ಉಪ್ಪೇ ಎಂದುಕೊಂಡ. ಪೆಟ್ರೋಲು ಮೂಸುವನು, ಪ್ಲಗ್ ಬಿಚ್ಚಿ ಊದುವನು. ಮಂಗಳವಾರವೇ ಹೆಚ್ಚು ತೊಂದರೆ ಎಂಬುದನ್ನು ಅವನು ಗುರುತಿಸಿದ್ದ. ಅಜ್ಜಿ ಬಿದ್ದು ಬಿದ್ದು ನಕ್ಕಳು. "ಸೋಮವಾರ ಉಪವಾಸ ಮಾಡ್ತದೋ ಏನೋ, ಮರುದಿನ ತಾಕತ್ತ ಎಲ್ಲಿಂದ ಬರಬೇಕು ಪಾಪ!" ನಕ್ಕ ಮೇಲೆ ನನ್ನತ್ತ ತಿರುಗಿ, "ಕಮಳಿ, ಗಾಡಿಗ್ಯಾರದೋ ದೃಷ್ಟಿ ಅದ. ವಿಭೂತಿ ಇನ್ನೊಂದೀಟು ದಪ್ಪ ಹಚ್ಚು," ಎಂದಳು. ಕಾರು ನಿಂತಷ್ಟೂ ವಿಭೂತಿ ದಪ್ಪವಾಯಿತು. ವಿಭೂತಿ ದಪ್ಪವಾದಷ್ಟೂ ಕಾರು ನಿಂತಿತು.

ಶ್ರಾವಣದ ಒಂದು ಮಂಗಳವಾರ, ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ, ವಲಾಂಡಿಯಿಂದ ಆಳು ಬಂದ. ಕಾಕಿಯ ಅವ್ವನಿಗೆ ಮೇಲುಸಿರು ಹತ್ತಿದೆ. "ಮಗಳ ಮಾರಿ ನೋಡಿ ಹೋಗ್ತೀನಂತ ಜೀವ ಹಿಡಕೊಂಡು ಕುಂತಾಳ್ರಿ," ಎಂದ. ಕಾಕಿ ಅಳಲಿಲ್ಲ. ಸೀರೆ ಬದಲಿಸಿ ಬಂದು ಹಿಂದಿನ ಸೀಟಿನಲ್ಲಿ ಕೂತಳು. ಕಾಕಾ ಕೀಲಿ ತಿರುಗಿಸಿದ. ಟಕ್. ಮತ್ತೆ ತಿರುಗಿಸಿದ. ಟಕ್. ಪೆಟ್ರೋಲು ನೋಡಿದ, ಪ್ಲಗ್ ಒರೆಸಿದ, ಕೊನೆಗೆ ಚಕ್ರಕ್ಕೆ ಒದ್ದ. ನಾಲ್ವರು ಆಳುಗಳು ದೂಡಿದರು. ಮಳೆ ಬಿದ್ದ ಕರಿ ಎರೆಮಣ್ಣು, ದೂಡಿದಷ್ಟೂ ಚಕ್ರ ಹೂತುಕೊಂಡಿತು. "ಇಳಿ, ಬಸ್ಸಿಗೆ ಹೋಗೂಣು," ಎಂದ ಕಾಕಾ. "ಇನ್ನೊಮ್ಮೆ ನೋಡ್ರೀ," ಎಂದಳು ಕಾಕಿ. ಇಳಿಯಲಿಲ್ಲ. "ಇನ್ನೊಂದೇ ಒಮ್ಮೆ ನೋಡ್ರೀ."

ನಾನು ಕಂಬದ ಹಿಂದೆ ನಿಂತಿದ್ದೆ. ಮಿಸ್ತ್ರಿ ತೊಳೆದದ್ದು ಯಾರ ಉಪ್ಪು ಎಂದು ನನಗೆ ಆಗಲೇ ಅನುಮಾನ ಬಂದಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಗೋಡೆಗೆ ತೂಗುಹಾಕಿದ್ದ ಬಾರಕೋಲು ಕಂಡಿತು. ಬಾಯಿ ಮುಚ್ಚಿ, ಮೂರು ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೆ.

ಉಮರ್ಗಾಕ್ಕೆ ಬಂಡಿ, ಅಲ್ಲಿಂದ ನಿಲಂಗಾಕ್ಕೆ ಬಸ್ಸು, ಅಲ್ಲಿ ಕಾದು ಇನ್ನೊಂದು ಬಸ್ಸು. ವಲಾಂಡಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತಂತೆ. ಮಧ್ಯಾಹ್ನದ ತನಕ ಆ ತಾಯಿ ಬಾಗಿಲು ನೋಡುತ್ತಿದ್ದಳಂತೆ. ಮಳೆ ಮತ್ತೆ ಬರುವ ಲಕ್ಷಣವಿತ್ತು, ಊರವರು ಕಾಯಲಿಲ್ಲ. ಸಮಾಧಿಯಲ್ಲಿ ಕೂರಿಸಿ, ವಿಭೂತಿ ಗಟ್ಟಿಗಳನ್ನು ಇಟ್ಟು ಮಣ್ಣು ಎಳೆದಾಗಿತ್ತು. ಕಾಕಿಗೆ ಸಿಕ್ಕಿದ್ದು ಹಸಿ ಮಣ್ಣಿನ ಗುಡ್ಡೆ.

ತಿರುಗಿ ಬಂದ ದಿನ ಕಾಕಿ ನೇರ ಕಾರಿನ ಹತ್ತಿರ ಹೋದಳು. ಮಿಸ್ತ್ರಿ ಇನ್ನೂ ಬಂದಿರಲಿಲ್ಲ. ತಾನೇ ಬಾನೆಟ್ ಎತ್ತಿದಳು. ಕರಿ ಬ್ಯಾಟರಿಯ ಮೇಲೆ ಬಿಳಿಯಾಗಿ, ಒಣಗಿ, ಸಣ್ಣ ಕೈಯ ಮೂರು ಬೆರಳು ಎದ್ದು ಕಾಣುತ್ತಿದ್ದವು. ನೋಡುತ್ತ ನಿಂತಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಸೆರಗಿನ ತುದಿ ಹಿಡಿದು ತಿಕ್ಕಿ ತಿಕ್ಕಿ ಒರೆಸಿದಳು, ಒಂದು ಗೆರೆಯೂ ಉಳಿಯದ ಹಾಗೆ. "ಕಮಳಿ, ಕೈ ತೊಳ್ಕೊ ಹೋಗು," ಎಂದಳು. ಅಷ್ಟೇ. ಆಮೇಲೆ ಆ ಮಾತು ಅವಳ ಬಾಯಲ್ಲಿ ಎಂದೂ ಬರಲಿಲ್ಲ. ನನ್ನ ತಲೆ ಬಾಚುವುದನ್ನು ಬಿಡಲಿಲ್ಲ, ಆದರೆ ವಲಾಂಡಿಯ ಸುದ್ದಿ ಹೇಳುವುದನ್ನು ಬಿಟ್ಟಳು. ತೇಜಾಬ್ ಆ ಸೆರಗನ್ನು ತಿಂದು ತೂತು ಮಾಡಿತ್ತು. ಆ ಸೀರೆಯನ್ನು ಅವಳು ಹರಿಯುವ ತನಕ ಉಟ್ಟಳು.

ನನ್ನನ್ನು ನಿಲಂಗಾಕ್ಕೆ ಕೊಟ್ಟರು. ಹೇಳಬೇಕು, ಮುಂದಿನ ಹಬ್ಬಕ್ಕೆ ಹೇಳಬೇಕು ಎಂದುಕೊಳ್ಳುತ್ತಲೇ ನನಗೂ ಮಕ್ಕಳಾದವು. ಆಮೇಲೆ ಭೂಕಂಪ ಬಂತು. ಆ ಬೆಳಿಗ್ಗೆ ನಮ್ಮ ಮನೆಯ ಜೀಪು ಒಂದೇ ಸಲಕ್ಕೆ ಚಾಲೂ ಆಯಿತು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಸಾಸ್ತೂರಿನಲ್ಲಿ ಆ ದಪ್ಪ ಗೋಡೆಗಳೆಲ್ಲ ಒಳಗಿನವರ ಮೇಲೆಯೇ ಕೂತಿದ್ದವು. ಕಾಕಿಯ ಮುಖ ನನಗೆ ಸಿಗಲಿಲ್ಲ.

ಇವತ್ತು ಶ್ರೇಯಾ ಫೋನು ನೋಡಿ ಹೇಳಿದಳು, "ಅಜ್ಜಿ, ಈ ಬಿಳೀದು ತಾನ ಬರ್ತದಂತ. ಯಾರ್ದೂ ತಪ್ಪಲ್ಲಂತ." ಬಿಸಿನೀರು ತರಲು ಒಳಗೆ ಓಡಿದಳು. ನಾನು ಬಗ್ಗಿ ನೋಡಿದೆ. ಬೆರಳಿನ ಗುರುತು ಎಲ್ಲೂ ಇರಲಿಲ್ಲ. ಆದರೂ ಸೆರಗು ಹಿಡಿದು ಒರೆಸಿದೆ. "ಏ ಅಜ್ಜಿ, ಬಟ್ಟಿ ಸುಡ್ತದ!" ಎಂದು ಅವಳು ಚೀರುತ್ತ ಬಂದಳು. ಬಿಸಿನೀರು ಸುರಿದ ಮೇಲೆ ಕಾರು ಚಾಲೂ ಆಯಿತು, ಅವಳು ಉಮರ್ಗಾಕ್ಕೆ ಹೋದಳು. ನಾನು ಅಂಗಳದಲ್ಲಿ ಚೆಲ್ಲಿದ ಬೇಳೆಯನ್ನು ಆಯುತ್ತ ಕೂತೆ. ಸಂಜೆ ಸೀರೆ ಬಿಚ್ಚುವಾಗ ನೋಡಿದರೆ ಸೆರಗಿಗೆ ತೂತು ಬಿದ್ದಿತ್ತು. ಸೊಸೆ ಸೂಜಿದಾರ ತಂದಳು. ಬೇಡವೆಂದೆ.