ತಿಹೋಮಿರನ ಹೆಗಲ ಮೇಲಿನ ಕೈ

ಬದುಕಿರುವಾಗಲೇ ತಮ್ಮ ಗೋರಿಯನ್ನು ನೋಡುವುದು ಆ ಊರಿನ ಹೆಂಗಸರಿಗೆ ಹೊಸದೇನಲ್ಲ. ಗಂಡ ಸತ್ತರೆ ಕರಿಕಲ್ಲಿನ ಮೇಲೆ ಅವನ ಪಕ್ಕದಲ್ಲೇ ಹೆಂಡತಿಯ ಮುಖವನ್ನೂ ಕೊರೆಸಿಬಿಡುತ್ತಾರೆ. ಹುಟ್ಟಿದ ವರ್ಷ ಹಾಕಿ, ಒಂದು ಗೀಟು ಎಳೆದು, ಮುಂದಿನ ಜಾಗ ಖಾಲಿ ಬಿಡುತ್ತಾರೆ. ಸತ್ತವರ ಶನಿವಾರ ಬಂತೆಂದರೆ ಮುದುಕಿಯರೆಲ್ಲ ಹೋಗಿ ತಮ್ಮದೇ ಮುಖದ ಧೂಳು ಒರೆಸಿ, ಮೇಣದ ಬತ್ತಿ ಹಚ್ಚಿ, ಪಕ್ಕದ ಗೋರಿಯವಳ ಜೊತೆ ಸೊಸೆಯನ್ನು ದೂರಿ ಮನೆಗೆ ಬರುತ್ತಾರೆ. ವೂಕೊಸಾವಾ ಅಜ್ಜಿ ಮಾತ್ರ ಆ ಕಲ್ಲನ್ನು ನೋಡಿದ ಕೂಡಲೇ ಸತ್ತವರ ಹೆಸರಲ್ಲಿ ಹಂಚಲು ತಂದಿದ್ದ ಬೇಯಿಸಿದ ಗೋಧಿಯ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು.

ಸೊಂಟ ಮುರಿದು ಅವಳು ಚಳಿಗಾಲವಿಡೀ ಆಸ್ಪತ್ರೆಯಲ್ಲಿದ್ದಾಗ ಮಗ ಸ್ರೇತೆನ್ ಅಪ್ಪನ ಹಳೆಯ ಮರದ ಶಿಲುಬೆ ಕಿತ್ತು ಈ ಕಲ್ಲು ನಿಲ್ಲಿಸಿದ್ದ. ಅವ್ವನಿಗೆ ಖುಷಿಯಾಗುತ್ತದೆಂದು ಗುಟ್ಟಾಗಿ ಇಟ್ಟಿದ್ದ. ಕಲ್ಲಿನಲ್ಲಿ ಅಪ್ಪ ತಿಹೋಮಿರ್ ಟೋಪಿ ಹಾಕಿಕೊಂಡು ಕೂತಿದ್ದಾನೆ. ಹಿಂದೆ ವೂಕಜ್ಜಿ ನಗುತ್ತಾ ನಿಂತು ಅವನ ಹೆಗಲ ಮೇಲೆ ಕೈ ಇಟ್ಟಿದ್ದಾಳೆ.

"ಹೆಂಗಿದೆ ಅವ್ವಾ?"

"ಆ ಕೈ ಯಾರ್ದೋ?"

"ನಿಂದೇ, ಇನ್ಯಾರ್ದು? ನೀವಿಬ್ರೂ ಜೊತೇಲಿರೋ ಫೋಟೋ ಒಂದೂ ಸಿಗ್ಲಿಲ್ಲ. ಕಲ್ಲುಕುಟಿಗ ಜಿವೋತಾನೇ ಜೋಡಿಸ್ದ."

ಅಜ್ಜಿ ಎಡಗೈಯನ್ನು ಮಗನ ಮೂಗಿನ ಮುಂದೆ ಹಿಡಿದಳು. ಉಂಗುರದ ಬೆರಳು ಬುಡದಿಂದಲೇ ಇರಲಿಲ್ಲ. "ಎಣಿಸೋ. ಇಲ್ಲಿ ನಾಲ್ಕು. ಅಲ್ಲಿ ಐದು. ಯಾವಳನ್ನೋ ತಂದು ನಿಮ್ಮಪ್ಪನ ಮೇಲೆ ಒರಗಿಸಿದೀಯ."

ಸ್ರೇತೆನ್ ನಕ್ಕ. "ಜೋಳದ ಮೆಷಿನ್ನಿಗೆ ಕೊಟ್ಟಿದ್ದು ಕಲ್ಲಲ್ಲಾದ್ರೂ ವಾಪಸ್ ಬಂತಲ್ಲ ಅಂತ ಖುಷಿಪಡು. ಬೇಡ ಅಂದ್ರೆ ಒಂದು ಬೆರಳು ಅಳಿಸಿದ್ರಾಯ್ತು."

"ಅಳಿಸೋದಾದ್ರೆ ನನ್ನನ್ನೇ ಪೂರ್ತಿ ಅಳಿಸು. ನಾನು ಇವನ ಪಕ್ಕ ಮಲಗಲ್ಲ."

ಸುತ್ತಲಿನ ಗೋರಿಗಳ ಹತ್ತಿರ ಹರಟೆ ನಿಂತಿತು. ಊರವರಿಗೆ ಇದಕ್ಕಿಂತ ರುಚಿಯಾದ ಊಟ ಇನ್ನೊಂದಿಲ್ಲ. ನಾದಿನಿ ಕೊಸಾರಾ ಎದೆ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಮುಂದೆ ಬಂದಳು. ಅಣ್ಣನ ಹೆಸರು ಬಂದರೆ ಅವಳ ಕಣ್ಣಲ್ಲಿ ನೀರು ಸದಾ ಸಿದ್ಧ.

"ಅತ್ತಿಗೇ, ಸತ್ತವರ ಮುಂದೆ ಇಂಥಾ ಮಾತಾ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಅಣ್ಣ ಹೋಗಿ ಎಷ್ಟು ವರ್ಷ ಆಯ್ತು, ಇನ್ನೂ ಬಿಡಲ್ವಾ?"

"ನಿಮ್ಮಣ್ಣ ಉಣ್ಣೋಕೆ ಮುಂಚೆನೂ ಹೊಡೀತಿದ್ದ, ಉಂಡ ಮೇಲೂ ಹೊಡೀತಿದ್ದ. ಮಲಗಿದಾಗ ಮಾತ್ರ ಬಿಡ್ತಿದ್ದ. ಈಗ ಮಲಗೋಕೂ ಅವನ ಹತ್ರಾನೇ ಹೋಗ್ಬೇಕಾ?"

ವೂಕಜ್ಜಿ ಯಾರಿಗೂ ಹೆದರಿ ಬಾಳಿದವಳಲ್ಲ, ಹೆದರಿದ್ದು ಒಬ್ಬನಿಗೇ. ಜರ್ಮನರು ಊರು ಸುಟ್ಟಾಗ ತನ್ನ ಅಜ್ಜಿಯ ಜೊತೆ ಜೋಳದ ಹೊಲದಲ್ಲಿ ಉಸಿರು ಬಿಗಿಹಿಡಿದು ಉಳಿದ ಕೂಸು ಅವಳು. ಮಲತಂದೆ ಅವಳನ್ನು ಹದಿನೇಳಕ್ಕೇ ತಿಹೋಮಿರನಿಗೆ ಕೊಟ್ಟು ಕೈ ತೊಳೆದುಕೊಂಡ. ಮುಂದೆ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಕಂಡವರ ರಕ್ತದ ಹಾಸಿಗೆ ಬಟ್ಟೆ ಒಗೆದು ಮನೆಗೆ ಹೆಂಚು ಹೊದಿಸಿದಳು; ಊರು ಅದನ್ನು ತಿಹೋಮಿರನ ಮನೆ ಎಂದಿತು. ದೇಶ ಒಡೆದಾಗ ಮಗನನ್ನು ಯುದ್ಧಕ್ಕೆ ಎಳೆದೊಯ್ಯಲು ಬಂದವರನ್ನು, ಅವನನ್ನು ಸೌದೆಯ ಹಿಂದೆ ಬಚ್ಚಿಟ್ಟು, ಬಾಗಿಲಲ್ಲೇ ಉಗಿದು ಕಳಿಸಿದಳು. ವಿಮಾನಗಳು ಸೇತುವೆಗೆ ಬಾಂಬು ಹಾಕಿದ ದಿನ ಮೆಣಸಿನ ಸಸಿ ನೆಡುತ್ತಿದ್ದಳು. ನೆಟ್ಟು ಮುಗಿಸಿಯೇ ಎದ್ದಳು. ಇಷ್ಟೆಲ್ಲ ಮಾಡಿದ ಹೆಂಗಸನ್ನು ಕೊನೆಗೆ ತಂದು ನಿಲ್ಲಿಸಿದ್ದು ಆ ಗಂಡಸಿನ ಬೆನ್ನ ಹಿಂದೆ, ಅದೂ ನಗಿಸಿ!

"ಜನ ಏನಂತಾರೆ ಅವ್ವಾ?" ಎಂದ ಸ್ರೇತೆನ್, ಹಲ್ಲು ಕಚ್ಚಿ.

"ಜನ! ನಿನ್ನ ತಂಗಿ ಸತ್ತಾಗ ಏನಂದ್ರು ಈ ಜನ?"

ತಂಗಿ ಯಾಗೊದಾಳ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮಗು ಸ್ಮಶಾನದ ಬೇಲಿಯ ಪಕ್ಕದಲ್ಲಿ, ಕಾಡು ಪ್ಲಮ್ ಮರದಡಿ ಮಣ್ಣಾಗಿತ್ತು. ಅದಕ್ಕೆ ಕಲ್ಲಿಲ್ಲ. ಶಿಲುಬೆ ಕೊಳೆತಾಗಲೆಲ್ಲ ಅಜ್ಜಿಯೇ ಹೊಸದು ಮಾಡಿ ನೆಡುತ್ತಿದ್ದಳು.

"ಜ್ವರ ಬಂದು ಹೋದ್ಲು ಅಂತ ಅಪ್ಪ ಹೇಳಿದ್ದ," ಎಂದ ಸ್ರೇತೆನ್.

"ಬೆರಳು ಮೆಷಿನ್ನಿಗೆ ಹೋಯ್ತು ಅಂತಾನೂ ಅವನೇ ಹೇಳಿದ್ದು. ಎರಡೂ ಒಂದೇ ದಿನ ಹೋದ್ವು. ಕೇಳು. ಸಂತ ನಿಕೋಲನ ದಿನ, ನಮ್ಮನೆ ಹಬ್ಬ. ಮನೆ ತುಂಬಾ ನೆಂಟ್ರು. ಮಗೂಗೆ ಗಂಟಲು ಕಟ್ಟಿ ಉಸಿರೇ ಆಡ್ತಿಲ್ಲ. ಕುದುರೆ ಕಟ್ಟು, ಡಾಕ್ಟರ್ ಹತ್ರ ಹೋಗಣ ಅಂದೆ. ಹಬ್ಬದ ದಿನ ಯಜಮಾನ ಮನೆ ಬಿಟ್ಟು ಹೋದ್ರೆ ಮರ್ಯಾದೆ ಏನಾಗುತ್ತೆ ಅಂದ. ನಾನೇ ಕುದುರೆ ಬಿಚ್ಕೊಂಡು ಹೋಗ್ತೀನಿ ಅಂತ ಲಾಯದ ಬಾಗಿಲು ಹಿಡ್ಕೊಂಡೆ. ಕೈ ತೆಗಿ ಅಂದ. ತೆಗೀಲಿಲ್ಲ. ಬಾಗಿಲು ಹಾಕ್ದ."

ಅಜ್ಜಿ ಎಡಗೈಯನ್ನು ಕೊಸಾರಾಳ ಕಡೆ ತಿರುಗಿಸಿದಳು.

"ಆ ಕೈಗೆ ಬಟ್ಟೆ ಸುತ್ಕೊಂಡು ಹಿಮದಲ್ಲಿ ಹೊತ್ಕೊಂಡು ನಡೆದೆ. ಸೇತುವೆ ಹತ್ರ ಮಗು ಭಾರ ಆಯ್ತು. ವಾಪಸ್ ಬಂದಾಗ ಒಳಗಿನ್ನೂ ಹಾಡ್ತಿದ್ರು. ಕೊಸಾರಾ, ನೀನೂ ಹಾಡ್ತಿದ್ದೆ."

ಕೊಸಾರಾಳ ಕಣ್ಣೀರು ಮೊದಲ ಸಲ ಹೇಳದೆ ಕೇಳದೆ ನಿಂತುಹೋಯಿತು. "ನಮಗೇನು ಗೊತ್ತಿತ್ತು ಅತ್ತಿಗೆ," ಎಂದಳು ಮೆಲ್ಲಗೆ.

"ರಕ್ತ ಒರೆಸಿದವಳೇ ನೀನು."

ಸ್ರೇತೆನ್ ಕಲ್ಲನ್ನು ನೋಡಿದ, ಅವ್ವನ ಕೈ ನೋಡಿದ. "ಯಾಕೆ ಬಿಟ್ಟು ಹೋಗ್ಲಿಲ್ಲ ಹಂಗಾದ್ರೆ?"

"ನಿನಗಾಗ ನಾಲ್ಕು ವರ್ಷ. ಅವನು ನಿನ್ನನ್ನ ಕೊಡ್ತಿದ್ನಾ?"

ಅಂದು ಅಜ್ಜಿ ಮಗನ ಕಾರು ಹತ್ತಲಿಲ್ಲ. ಮುರಿದ ಸೊಂಟ ಹೊತ್ತುಕೊಂಡು, ಕೋಲೂರಿ ನಡೆದೇ ಮನೆಗೆ ಹೋದಳು. ಮಗ ಹಿಂದೆ ನಿಧಾನಕ್ಕೆ ಕಾರು ಓಡಿಸುತ್ತಾ ಬಂದ. ಅವಳು ತಿರುಗಿಯೂ ನೋಡಲಿಲ್ಲ.

ವಾರದೊಳಗೆ ಜಿವೋತಾ ಮೆಷಿನ್ ತಂದು ಅಜ್ಜಿಯ ಮುಖ, ಹೆಸರು, ಗೀಟು ಎಲ್ಲವನ್ನೂ ಉಜ್ಜಿ ಹಾಕಿದ. ಬೇಲಿಯ ಪಕ್ಕ ಪ್ಲಮ್ ಮರದಡಿ ಗಿಡ್ಡ ಕಲ್ಲೊಂದು ಬಂತು. ಅದರ ಮೇಲೆ ಮೊದಲು ಯಾಗೊದಾ, ಕೆಳಗೆ ವೂಕೊಸಾವಾ, ಹುಟ್ಟಿದ ವರ್ಷ, ಒಂದು ಗೀಟು. ಸ್ರೇತೆನ್ ಅದನ್ನು ತಾನೇ ನಿಂತು ನೆಡಿಸಿದ. ಅಜ್ಜಿ ಅವನಿಗೆ ಒಳ್ಳೆಯ ಮಾತೊಂದನ್ನೂ ಆಡಲಿಲ್ಲ. ಕಲ್ಲು ಸೊಟ್ಟಗಿದೆ ಎಂದಳು ಅಷ್ಟೆ.

ತಿಹೋಮಿರನ ಕಲ್ಲಿನಲ್ಲಿ ಒಂದು ಮಾತ್ರ ಉಳಿಯಿತು. ಹೆಗಲ ಮೇಲಿನ ಕೈಯನ್ನು ಉಜ್ಜಿದರೆ ಅವನ ಗದ್ದವೂ ಹೋಗುತ್ತದೆ ಎಂದು ಜಿವೋತಾ ಅದನ್ನು ಮುಟ್ಟಲಿಲ್ಲ. ಮುಂದಿನ ಸತ್ತವರ ಶನಿವಾರ ಹೊರಗಿಂದ ಬಂದ ಸೊಸೆಯೊಬ್ಬಳು ಅದನ್ನು ನೋಡಿ, ಬೇಲಿಯ ಬಳಿ ಕೂತು ಗೋಧಿ ಬಡಿಸುತ್ತಿದ್ದ ಮುದುಕಿಯನ್ನು ಕೇಳಿದಳು: "ಅಜ್ಜೀ, ಆ ತಾತನ ಹೆಗಲ ಮೇಲೆ ಬರೀ ಕೈ ಇದೆಯಲ್ಲ, ಯಾರದ್ದು ಅದು?"

"ಯಾವಳದ್ದೋ," ಎಂದಳು ವೂಕಜ್ಜಿ. "ಪಾಪ, ಅವಳಿಗಿನ್ನೂ ಐದೂ ಬೆರಳಿದೆ."